ಮಳೆಗಾಲವಿಡೀ ನಿಂತ ಗಾಡಿ, ಟ್ಯಾಂಕಿನ ತಳದ ನೀರು

ಗಂಗಾವತಿಯಲ್ಲಿ ನಮ್ಮದು ಗೊಬ್ಬರದ ಅಂಗಡಿ. ಜೂನ್‌ನಲ್ಲಿ ಸಸಿಮಡಿ ಹಾಕುವ ಮಾತು ಶುರುವಾಯಿತೆಂದರೆ ನಾವು ಊರು ಬಿಡುವ ಹಾಗಿಲ್ಲ. ನೆಲ್ಲು ಕಟಾವಾಗಿ, ರೈತರ ಕೈಗೆ ದುಡ್ಡು ಬಂದು, ನಮ್ಮ ಬಾಕಿ ಸೇರುವ ತನಕ ಅಂಗಡಿಯೇ ಊರು. ಎರಡು ಬೆಳೆಯ ನಡುವೆ ಡಿಸೆಂಬರ್ ಕೊನೆಗೆ ಒಂದಿಷ್ಟು ಬಿಡುವು, ಆಮೇಲೆ ಮಕ್ಕಳ ಶಾಲೆಗೆ ರಜೆ ಬಿಟ್ಟಾಗ ಮೇ ತಿಂಗಳು. ಅಷ್ಟರಲ್ಲೇ ನಮ್ಮ ತಿರುಗಾಟ.

ತಿರುಗಾಟಕ್ಕೆ ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ವ್ಯಾನ್, ಇಟ್ಟುಕೊಂಡಿದ್ದೇವೆ. 2017ರ ಮಾಡೆಲ್, ಬಿಎಸ್4 ಡೀಸೆಲ್ ಎಂಜಿನ್, ಅಂದರೆ ಹೊಗೆ ನಿಯಮದ ಹಿಂದಿನ ದರ್ಜೆಯದು. ಹಿಂದಿನ ಸೀಟು ಬಿಚ್ಚಿಸಿ ಎರಡು ಮಂಚ, ಒಂದು ಗ್ಯಾಸ್ ಒಲೆ, ಸಣ್ಣ ಫ್ರಿಜ್, ನೀರಿನ ಟ್ಯಾಂಕ್ ಕೂರಿಸಿದ್ದೇವೆ. ಅವ್ವನಿಗೆ ಮೊಣಕಾಲು ನೋವು. ಕೂತು ಕೂತು ಸಾಕಾದಾಗ ಆಕೆ ಕಾಲು ಚಾಚಿ ಮಲಗಬೇಕು. ಗಾಡಿ ಮಾಡಿಸಿದ್ದೇ ಅದಕ್ಕೆ.

ವರ್ಷದಲ್ಲಿ ಜಾಸ್ತಿ ಕಾಲ ಈ ಗಾಡಿ ಶೆಡ್‌ನಲ್ಲೇ ನಿಂತಿರುತ್ತದೆ. ಅದರಲ್ಲೂ ಜೂನ್‌ನಿಂದ ಡಿಸೆಂಬರ್‌ವರೆಗಿನ ನಿಲುಗಡೆ ಉದ್ದದ್ದು. ನಿಂತ ಡೀಸೆಲ್ ಗಾಡಿಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ನನ್ನ ಉತ್ತರ ಒಂದೇ. ಟ್ಯಾಂಕಿನ ತಳದಲ್ಲಿ ನೀರು ನಿಲ್ಲಲು ಬಿಡಬೇಡಿ. ಔಷಧಿ, ಪೌಡರ್, ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದು, ಎಲ್ಲಾ ಆಮೇಲೆ.

ಇದು ನನಗೆ ಗೊತ್ತಾಗಿದ್ದು ಗಾಡಿ ಕೊಂಡಾಗಲೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತಲ್ಲ, ಆಗ ಟೂರಿಸ್ಟ್ ಗಾಡಿಗಳೆಲ್ಲ ನಿಂತಲ್ಲೇ ನಿಂತವು. ಈ ಟಿಟಿಯೂ ಹಾಗೇ ಬಯಲಿನಲ್ಲಿ ನಿಂತಿತ್ತು. ಅರ್ಧ ಟ್ಯಾಂಕ್ ಡೀಸೆಲ್, ಒಡೆದ ಮುಚ್ಚಳದ ರಬ್ಬರ್, ಎರಡು ಮಳೆಗಾಲ. 2021ರ ಕೊನೆಗೆ ನಾವು ಅಗ್ಗಕ್ಕೆ ಕೊಂಡೆವು. ಟ್ಯಾಂಕ್ ಕೊಳೆತಿರಬಹುದು ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು. ಅದಕ್ಕೇ ಸ್ಟಾರ್ಟ್ ಮಾಡದೆ ಎಳೆದುಕೊಂಡೇ ತಂದೆವು.

ಟ್ಯಾಂಕ್ ಇಳಿಸಿದ್ದು ಶ್ರೀರಾಮನಗರದ ಕಡೆಯ ಒಂದು ಗ್ಯಾರೇಜಿನಲ್ಲಿ. ಹಾರ್ವೆಸ್ಟರ್ ರಿಪೇರಿ ಮಾಡುವ ಜಾಗ ಅದು. ಮೇಸ್ತ್ರಿ ಒಳಗಿನ ಜಾಲರಿ ಎತ್ತಿ ತೋರಿಸಿದರು. ಕಪ್ಪಗೆ, ಲೋಳೆಲೋಳೆಯಾಗಿ, ನೆನೆದ ಬಟ್ಟೆಯ ಚೂರುಗಳು ಅಂಟಿಕೊಂಡಂತೆ ಇತ್ತು. ಬೆರಳಿನಲ್ಲಿ ಎಳೆದರೆ ದಾರದ ಹಾಗೆ ಎಳೆ ಬಂತು. ಡೀಸೆಲ್ ವಾಸನೆಯ ಅಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ತಳದ ತಗಡಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು, ತುಕ್ಕು ಅಲ್ಲಿಂದಲೇ ತಿಂದಿತ್ತು.

"ಡೀಸಲ್ ಏನೂ ಮಾಡಿಲ್ರೀ ಸಾವ್ಕಾರ್ರ" ಅಂದರು ಮೇಸ್ತ್ರಿ. "ತಳದಾಗ ನೀರು ನಿಂತೈತಿ. ಎಲ್ಲಾ ಅಲ್ಲಿಂದನ ಶುರು ಆಗೇತಿ."

ಅವರು ಹೇಳಿದ್ದು ಸರಿಯಾದ ಮಾತು. ಡೀಸೆಲ್ ನೀರಿಗಿಂತ ಹಗುರ. ನೀರು ಎಷ್ಟೇ ಸ್ವಲ್ಪ ಇರಲಿ, ಇಳಿದು ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬದುಕುವುದು ನೀರಿನಲ್ಲಿ, ತಿನ್ನುವುದು ಡೀಸೆಲ್. ಹಾರ್ಮೊಕೋನಿಸ್ ರೆಸಿನೇ ಅನ್ನುವ ಬೂಷ್ಟು ಇದಕ್ಕೇ ಹೆಸರುವಾಸಿ, ವಿಮಾನದ ಟ್ಯಾಂಕುಗಳಲ್ಲೂ ಕಾಟ ಕೊಟ್ಟಿದೆ. ನಮ್ಮ ಕಡೆ ಡ್ರೈವರ್‌ಗಳು ಇದನ್ನು ಪಾಚಿ ಅನ್ನುತ್ತಾರೆ. ಆದರೆ ಪಾಚಿಗೆ ಬೆಳಕು ಬೇಕು, ಮುಚ್ಚಿದ ಟ್ಯಾಂಕಿನಲ್ಲಿ ಬೆಳಕೆಲ್ಲಿ? ಇದು ಕತ್ತಲಲ್ಲೇ ಬೆಳೆಯುತ್ತದೆ. ಬೆಳೆಯುತ್ತಾ ಆಮ್ಲ ಬಿಡುತ್ತದೆ, ಅದು ತಗಡನ್ನು ತಿನ್ನುತ್ತದೆ. ಬೆಚ್ಚಗಿದ್ದಷ್ಟೂ ಅದಕ್ಕೆ ಒಳ್ಳೆಯದು. ನಮ್ಮ ಗಂಗಾವತಿ, ಸಿಂಧನೂರು, ರಾಯಚೂರಿನಲ್ಲಿ ಬೆಚ್ಚಗಿರುವುದಕ್ಕೆ ಬರವಿಲ್ಲ ಅಲ್ವಾ.

ಅವ್ವ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಲು ಯಾರಿಗೂ ಬಿಡುವುದಿಲ್ಲ. ಟ್ಯಾಂಕಿನ ವಿಷಯದಲ್ಲಿ ನಾನು ಅಷ್ಟೇ ಕಟ್ಟುನಿಟ್ಟು.

ಈಗ ನೀರು ಎಲ್ಲಿಂದ ಬರುತ್ತದೆ ಅನ್ನುವ ಮಾತು. ಖಾಲಿ ಟ್ಯಾಂಕಿನಲ್ಲಿ ರಾತ್ರಿ ಹೊತ್ತು ಗಾಳಿಯ ತೇವ ಹನಿಯಾಗಿ ಇಳಿಯುತ್ತದೆ, ಅದಕ್ಕೇ ಟ್ಯಾಂಕ್ ತುಂಬಿಸಿಡಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ತುಂಬಿಸಿಯೇ ಇಡುತ್ತೇನೆ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. ನಮ್ಮದು 70 ಲೀಟರ್ ಟ್ಯಾಂಕ್. ಪೂರ್ತಿ ಖಾಲಿ ಇದ್ದರೂ ಅದರೊಳಗಿನ ಗಾಳಿಯಲ್ಲಿ ಎರಡು ಗ್ರಾಂ ನೀರು ಅಷ್ಟೇ. ಹಗಲು ಗಾಳಿ ಹಿಗ್ಗಿ ಹೊರಗೆ ಹೋಗಿ, ರಾತ್ರಿ ಹೊಸ ಗಾಳಿ ಒಳಗೆ ಬರುವುದು ನಿಜ. ಹಾಗೆ ತಿಂಗಳುಗಟ್ಟಲೆ ಹನಿ ಹನಿ ಸೇರುತ್ತದೆ. ಆದರೆ ಒಂದೇ ರಾತ್ರಿಗೆ ಲೋಟ ತುಂಬುವಷ್ಟು ನೀರು ಗಾಳಿಯಿಂದ ಬರುವುದಿಲ್ಲ.

ಡೀಸೆಲ್ ತಾನೇ ನೀರು ಹೊತ್ತು ತರುತ್ತದೆ. ನಮ್ಮ ದೇಶದ ಡೀಸೆಲ್ ಮಾನದಂಡದಲ್ಲಿ ಒಂದು ಕಿಲೋಗೆ 200 ಮಿಲಿಗ್ರಾಂವರೆಗೆ ನೀರಿಗೆ ಅವಕಾಶ ಇದೆ. 70 ಲೀಟರ್ ಅಂದರೆ ಸುಮಾರು 58 ಕಿಲೋ. ನಿಯಮದೊಳಗೇ ಇರುವ ಒಳ್ಳೆಯ ಡೀಸೆಲ್‌ನಲ್ಲೂ ಹತ್ತು ಹನ್ನೊಂದು ಗ್ರಾಂ ನೀರು ಇರಬಹುದು, ಎರಡು ಚಮಚದಷ್ಟು. ಬಿಸಿ ಡೀಸೆಲ್ ನೀರನ್ನು ಕರಗಿಸಿಕೊಂಡು ಇಟ್ಟುಕೊಳ್ಳುತ್ತದೆ. ಮಳೆಗಾಲದ ತಂಪಿಗೆ ಅದೇ ನೀರನ್ನು ಬಿಡುತ್ತದೆ, ತಳಕ್ಕೆ ಇಳಿಯುತ್ತದೆ. ಬಯೋಡೀಸೆಲ್ ಬೆರೆತಿದ್ದರೆ ಇನ್ನೂ ಜಾಸ್ತಿ ನೀರು ಹಿಡಿಯುತ್ತದೆ. ಇನ್ನು ಮುಚ್ಚಳದ ರಬ್ಬರ್ ಹಾಳಾಗಿದ್ದರೆ, ಗಾಡಿ ತೊಳೆಯುವಾಗ ಪೈಪಿನ ನೀರು ನೇರವಾಗಿ ಒಳಗೆ ಇಳಿದಂತೆಯೇ. ನನ್ನ ಮಟ್ಟಿಗೆ ಗಾಳಿಗಿಂತ ಈ ಮುಚ್ಚಳವೇ ದೊಡ್ಡ ಶತ್ರು. ರಬ್ಬರ್‌ಗೆ ಚಿಲ್ಲರೆ ದುಡ್ಡು, ಪ್ರತಿ ಜೂನ್‌ನಲ್ಲಿ ಹೊಸದು ಹಾಕುತ್ತೇನೆ.

ಹಾಗಾದರೆ ಟ್ಯಾಂಕ್ ತುಂಬಿಸುವುದು ಯಾಕೆ? ತಗಡಿನ ಗೋಡೆ ಗಾಳಿಗೆ ತೆರೆದುಕೊಂಡಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ಫಿಲ್ಟರ್‌ಗೆ ಬರುತ್ತದೆ. ಗಾಳಿ ಜಾಸ್ತಿ ತಾಗಿದಷ್ಟೂ ಡೀಸೆಲ್ ಬೇಗ ಹಳತಾಗಿ ಅಂಟು ಕಟ್ಟುತ್ತದೆ. ಇವೆರಡಕ್ಕಾಗಿ ತುಂಬಿಸಬೇಕು. ಆದರೆ ಗಂಟಲಿನ ತನಕ ಬೇಡ. ಡೀಸೆಲ್ ಬಿಸಿಗೆ ಹಿಗ್ಗುತ್ತದೆ. 20 ಡಿಗ್ರಿ ಏರಿದರೆ 70 ಲೀಟರ್‌ಗೆ ಒಂದು ಲೀಟರ್‌ಗಿಂತ ಜಾಸ್ತಿಯೇ ಹಿಗ್ಗುತ್ತದೆ. ಆ ಜಾಗ ಬಿಡಿ. ನಿಲ್ಲಿಸಿ ಇಡುವ ಡೀಸೆಲ್‌ಗೆ ಆರು ಸಾವಿರದ ಮೇಲೆ ದುಡ್ಡು ಹೋಗುತ್ತದೆ, ಕಳ್ಳರ ಕಾಟವೂ ಉಂಟು. ನನ್ನ ತಮ್ಮನಿಗೆ ಹಾರ್ವೆಸ್ಟರ್ ಇದೆ. ಸೀಸನ್ ಮುಗಿದ ಮೇಲೆ ಕ್ಯಾಂಪಿನಲ್ಲಿ ನಿಲ್ಲಿಸಿದರೆ ರಾತ್ರಿ ಪೈಪ್ ಹಾಕಿ ಎಳೆದುಬಿಡುತ್ತಾರೆ ಅಂತ ಅವನು ಟ್ಯಾಂಕ್ ಪೂರ್ತಿ ಇಳಿಸಿ, ಒಣಗಿಸಿ, ಮುಚ್ಚಿ ಇಡುತ್ತಾನೆ. ಅದೂ ಸರಿಯೇ. ತುಂಬಿದ್ದು ಒಳ್ಳೆಯದು, ಪೂರ್ತಿ ಖಾಲಿಯೂ ನಡೆಯುತ್ತದೆ. ಅರ್ಧ ಟ್ಯಾಂಕ್ ಮಾತ್ರ ಬೇಡ.

ತುಂಬಿಸುವ ಬಂಕ್ ಕೂಡ ನೋಡಿ ಆರಿಸುತ್ತೇನೆ. ಅಕ್ಕಿ ಲೋಡಿನ ಲಾರಿಗಳು ಸಾಲು ನಿಲ್ಲುವ ಬಂಕ್‌ನಲ್ಲಿ ಡೀಸೆಲ್ ದಿನದಿನವೂ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಟ್ಯಾಂಕರ್ ಬಂದು ಇಳಿಸುತ್ತಿದ್ದರೆ ಆವತ್ತು ತುಂಬಿಸಬೇಡಿ. ನೆಲದೊಳಗಿನ ಟ್ಯಾಂಕಿನ ತಳ ಕದಡಿರುತ್ತದೆ. ಅನುಮಾನ ಬಂದರೆ ಡೆನ್ಸಿಟಿ ತೋರಿಸಿ ಅಂತ ಕೇಳಿ, ಕೇಳುವ ಹಕ್ಕು ನಮಗಿದೆ. ಬಂಕ್‌ನಲ್ಲಿ ಹೈಡ್ರೋಮೀಟರ್ ಇರುತ್ತದೆ, ಬಂದ ಲೋಡಿನ ಡೆನ್ಸಿಟಿ ಬರೆದಿಟ್ಟಿರುತ್ತಾರೆ. ಅದಕ್ಕೂ ಇದಕ್ಕೂ ಘನ ಮೀಟರ್‌ಗೆ 3 ಕಿಲೋಗಿಂತ ಜಾಸ್ತಿ ವ್ಯತ್ಯಾಸ ಬರಬಾರದು.

ಇನ್ನು ನಾನು ಶೆಡ್‌ನಲ್ಲಿ ಮಾಡುವ ಮುಖ್ಯ ಕೆಲಸ. ಫಿಲ್ಟರ್‌ನ ತಳದಲ್ಲಿ ನೀರು ಬಿಡುವ ಒಂದು ಸ್ಕ್ರೂ ಇರುತ್ತದೆ, ಟ್ಯಾಂಕಿನ ತಳದಲ್ಲಿ ಡ್ರೇನ್ ಬೋಲ್ಟ್. ಗಾಡಿ ನಿಲ್ಲಿಸುವಾಗ ಡ್ರೇನ್ ಇರುವ ಮೂಲೆ ತಗ್ಗಿಗೆ ಬರುವ ಹಾಗೆ ಅದರ ವಿರುದ್ಧ ಮೂಲೆಯ ಚಕ್ರದ ಕೆಳಗೆ ಹಲಗೆ ಇಡುತ್ತೇನೆ. ಇಲ್ಲದಿದ್ದರೆ ನೀರು ಇನ್ನೊಂದು ಮೂಲೆಯಲ್ಲಿ ಕೂತಿರುತ್ತದೆ, ನಾವು ಬೋಲ್ಟ್ ಬಿಚ್ಚಿ ಬರೀ ಡೀಸೆಲ್ ನೋಡಿ ಸಮಾಧಾನ ಪಟ್ಟುಕೊಳ್ಳುತ್ತೇವೆ. ಕೆಲವು ದಿನ ಅಲುಗಾಡದೆ ನಿಂತ ಮೇಲೆ, ಬೆಳಗ್ಗೆ ತಂಪು ಹೊತ್ತಿನಲ್ಲಿ, ಬೋಲ್ಟ್ ಸ್ವಲ್ಪವೇ ಸಡಿಲ ಮಾಡಿ ಮೊದಲು ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯುತ್ತೇನೆ. ಅದರ ಮೇಲೆ ಮುಚ್ಚಳ ಹಾಕಿ ಕಿಟಕಿಯ ಬಳಿ ಒಂದು ರಾತ್ರಿ ಇಡುತ್ತೇನೆ.

ಮರುದಿನ ಬಾಟಲಿ ಎಲ್ಲಾ ಹೇಳುತ್ತದೆ. ಒಳ್ಳೆಯ ಡೀಸೆಲ್ ತಿಳಿ ಹಳದಿಯಾಗಿ, ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದುವಷ್ಟು ನಿಚ್ಚಳ ಇರುತ್ತದೆ. ನೀರು ಇದ್ದರೆ ತಳದಲ್ಲಿ ಬೆಳ್ಳಗೆ ಒಂದು ಗುಂಡು ಕಾಣುತ್ತದೆ. ಬಾಟಲಿ ವಾಲಿಸಿದರೆ ಮುರಿಯದೆ ಹಾಗೇ ಉರುಳುತ್ತದೆ. ನೀರಿಗೂ ಡೀಸೆಲ್‌ಗೂ ನಡುವೆ ಕಂದು ಬಣ್ಣದ ಕೆನೆ ಕಟ್ಟಿದ್ದರೆ ಬೂಷ್ಟು ಶುರುವಾಗಿದೆ ಅಂತ ಅರ್ಥ. ಇಡೀ ಡೀಸೆಲ್ ಮಬ್ಬಾಗಿದ್ದರೆ ನೀರು ಇನ್ನೂ ಬಿಡಿಸಿಕೊಂಡಿಲ್ಲ, ಇನ್ನೊಂದು ದಿನ ಬಿಟ್ಟು ನೋಡಬೇಕು. ನೀರು ತೆಗೆದ ತಾರೀಖನ್ನು ಟೇಪಿನ ಮೇಲೆ ಬರೆದು ಸ್ಟೀರಿಂಗ್‌ಗೆ ಅಂಟಿಸುವುದು ನಮ್ಮ ಮನೆಯಾಕೆಯ ಪದ್ಧತಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸುತ್ತಲೂ ಗದ್ದೆ ತುಂಬಾ ನೀರು ನಿಂತಿರುವಾಗ ಇದನ್ನು ತಪ್ಪಿಸುವುದಿಲ್ಲ.

ಹಳೇ ಲಾರಿ ಡ್ರೈವರ್‌ಗಳು ಇಷ್ಟು ತಲೆಬಿಸಿ ಮಾಡಿಕೊಳ್ಳುತ್ತಿರಲಿಲ್ಲ, ನಿಜ. ಹಳೇ ಪಂಪ್ ಎಂಜಿನ್‌ಗಳು ತಡೆದುಕೊಳ್ಳುತ್ತಿದ್ದವು. ಈಗಿನದು ಕಾಮನ್ ರೈಲ್, ಅಂದರೆ ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆಲ್ಲ ಒಂದೇ ಕೊಳವೆಯಿಂದ ಡೀಸೆಲ್ ಹೋಗುತ್ತದೆ. ಡೀಸೆಲ್ 1600 ಬಾರ್ ಆಸುಪಾಸಿನ ಒತ್ತಡದಲ್ಲಿ ಇಂಜೆಕ್ಟರ್‌ಗೆ ಹೋಗುತ್ತದೆ. ಟೈರ್‌ನಲ್ಲಿ ಇರುವುದು ನಾಲ್ಕೈದು ಬಾರ್. ಒಳಗಿನ ಬಿಡಿಭಾಗಗಳ ನಡುವಿನ ಸಂದು ಬರೀ ಎರಡು ಮೂರು ಮೈಕ್ರಾನ್. ಅಲ್ಲಿ ಎಣ್ಣೆ ಹಚ್ಚುವವರು ಬೇರೆ ಯಾರೂ ಇಲ್ಲ, ಡೀಸೆಲ್ಲೇ ಎಣ್ಣೆ. ಅದರ ಜಾಗದಲ್ಲಿ ನೀರು ಬಂದರೆ ಲೋಹ ಲೋಹಕ್ಕೆ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಒಂದು ಸೆಟ್ ಇಂಜೆಕ್ಟರ್‌ನ ಬೆಲೆ ಕೇಳಿದವರು ಡ್ರೇನ್ ಬೋಲ್ಟ್ ಬಿಚ್ಚಲು ಬೇಜಾರು ಮಾಡಿಕೊಳ್ಳುವುದಿಲ್ಲ.

ಇದೇ ಕಾರಣಕ್ಕೆ ಸೀಮೆಎಣ್ಣೆ ಬೆರೆಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಟ್ಯಾಂಕ್ ಸ್ವಚ್ಛ ಆಗುತ್ತದೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಸೀಮೆಎಣ್ಣೆಗೆ ಜಾರಿಸುವ ಗುಣ ಕಡಿಮೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್‌ನಲ್ಲಿ ಗಂಧಕವನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿದ್ದಾರೆ. ಹಾಗೆ ಶುದ್ಧ ಮಾಡುವಾಗ ಡೀಸೆಲ್‌ನ ಸಹಜ ಜಾರಿಕೆ ಕಡಿಮೆಯಾಗುತ್ತದೆ, ಅದನ್ನು ಬೇರೆ ಮದ್ದು ಹಾಕಿ ಸರಿದೂಗಿಸಿರುತ್ತಾರೆ. ಅದಕ್ಕೆ ಮತ್ತೆ ಸೀಮೆಎಣ್ಣೆ ಸುರಿದರೆ ಪಂಪ್ ಸವೆಯುತ್ತದೆ.

ಬೂಷ್ಟು ಕೊಲ್ಲುವ ಔಷಧಿ ಸಿಗುತ್ತದೆ, ಕೆಲಸವೂ ಮಾಡುತ್ತದೆ. ಟ್ಯಾಂಕ್ ತೊಳೆದು, ಒಣಗಿಸಿ, ಪೈಪುಗಳಿಗೆ ಗಾಳಿ ಹೊಡೆದ ಮೇಲೆ ನಾನೂ ಹಾಕಿದೆ. ಆದರೆ ತೊಳೆಯದೆ ಸುಮ್ನೆ ಔಷಧಿ ಸುರಿದರೆ ಸತ್ತ ಬೂಷ್ಟೆಲ್ಲ ಕಿತ್ತು ಬಂದು ಫಿಲ್ಟರ್ ಕಟ್ಟುತ್ತದೆ. ಕೀಟನಾಶಕ ಮಾರುವವನಾಗಿ ಒಂದು ಮಾತು ಹೇಳುತ್ತೇನೆ. ಇದೂ ವಿಷವೇ. ಕೈಗೆ ಗ್ಲೌಸ್ ಹಾಕಿ, ಡಬ್ಬಿಯ ಮೇಲೆ ಬರೆದ ಅಳತೆ ಮೀರಬೇಡಿ. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅನ್ನುವುದು ಹೊಲದಲ್ಲೂ ಸುಳ್ಳು, ಟ್ಯಾಂಕಿನಲ್ಲೂ ಸುಳ್ಳು.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅದರಿಂದ ಗಾಡಿಗೆ ಕೆಡುಕೇ ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿದಾಗ ಹುಟ್ಟಿದ ನೀರಾವಿ ಸೈಲೆನ್ಸರ್‌ನಲ್ಲಿ, ಎಂಜಿನ್ ಆಯಿಲ್‌ನಲ್ಲಿ ಹನಿಯಾಗಿ ಉಳಿಯುತ್ತದೆ. ಸೆಲ್ಫ್ ಹೊಡೆಯಲು ಖರ್ಚಾದ ಬ್ಯಾಟರಿ ಚಾರ್ಜ್ ಅಷ್ಟರಲ್ಲಿ ವಾಪಸ್ ತುಂಬುವುದಿಲ್ಲ. ಸ್ಟಾರ್ಟ್ ಮಾಡಿದರೆ ರಸ್ತೆಗೆ ತೆಗೆದುಕೊಂಡು ಹೋಗಿ, ಎಂಜಿನ್ ಚೆನ್ನಾಗಿ ಕಾಯುವಷ್ಟು ಓಡಿಸಿ. ಇಲ್ಲವೇ ಮುಟ್ಟಬೇಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಹಾಗೇ ಬಿಡಿ. ನಾವು ಪುರುಸೊತ್ತು ಸಿಕ್ಕ ಭಾನುವಾರ ಕನಕಗಿರಿ ತನಕ ಹೋಗಿ ಬರುತ್ತೇವೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಅವ್ವ ಪ್ರತಿ ಸಲ ಹೇಳುತ್ತಾಳೆ. ಗುಡಿಯ ಕಂಬಗಳನ್ನು ನೋಡುವಷ್ಟು ಹೊತ್ತು ಗಾಡಿ ಆರಿಸಿ, ಮತ್ತೆ ಅದೇ ದಾರಿ ಹಿಡಿದು ಬಂದರೆ ಎಂಜಿನ್‌ಗೂ ಸಾಕು, ಬ್ಯಾಟರಿಗೂ ಸಾಕು.

ಶೆಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ಯಾಂಕ್ ಇರುವ ಕಡೆ ಪಡುವಣದ ಬಿಸಿಲು ಬೀಳದ ಹಾಗೆ ನಿಲ್ಲಿಸಿ. ಬಿಸಿ ಹತ್ತು ಡಿಗ್ರಿ ಏರಿದರೆ ಡೀಸೆಲ್ ಹಳತಾಗುವ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ತಂಪು ಜಾಗದಲ್ಲಿ ವರ್ಷ ಬಾಳುವ ಡೀಸೆಲ್‌ಗೆ ನಮ್ಮ ತಗಡಿನ ಶೆಡ್‌ನಲ್ಲಿ ಆರು ತಿಂಗಳು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಹ್ಯಾಂಡ್ ಬ್ರೇಕ್ ಹಾಕದೆ ಚಕ್ರಕ್ಕೆ ಕಲ್ಲು ಕೊಡಿ. ನೀರಿನ ಟ್ಯಾಂಕ್ ಬರಿದು ಮಾಡಿ, ಸಿಲಿಂಡರ್ ಇಳಿಸಿ. ನೆಲ್ಲಿನ ಸೀಮೆ ಆದ್ದರಿಂದ ಇಲಿಗಳು ವೈರ್ ಜೊತೆ ಡೀಸೆಲ್ ಪೈಪನ್ನೂ ಕಡಿಯುತ್ತವೆ, ಪ್ರತಿ ಸಲ ಬಾನೆಟ್ ಎತ್ತಿ ನೋಡಿ.

ಬಿಎಸ್6 ಗಾಡಿ ಇರುವವರಿಗೆ ಇನ್ನೊಂದು ವಿಷಯ. ಬಹಳಷ್ಟು ಗಾಡಿಗಳಿಗೆ ಡೀಸೆಲ್ ಜೊತೆ, ಬೇರೆ ಟ್ಯಾಂಕಿಗೆ, ಹೊಗೆ ಶುದ್ಧ ಮಾಡುವ ಡಿಇಎಫ್ ಅನ್ನುವ ದ್ರವ ತುಂಬಿಸಬೇಕು. ಅದು ಶುದ್ಧ ನೀರಿನಲ್ಲಿ ಕರಗಿಸಿದ 32.5 ಶೇಕಡಾ ಯೂರಿಯಾ. ಇದಕ್ಕೆ ಬಿಸಿ ಆಗಿಬರುವುದಿಲ್ಲ. 25 ಡಿಗ್ರಿಯಲ್ಲಿ 18 ತಿಂಗಳು ಬಾಳುತ್ತದೆ, 30ರಲ್ಲಿ 12, 35 ಡಿಗ್ರಿಯಲ್ಲಿ ಬರೀ 6 ತಿಂಗಳು. ನಮ್ಮ ಬೇಸಿಗೆ 42 ಡಿಗ್ರಿ ಮುಟ್ಟುವ ಊರುಗಳಲ್ಲಿ ಹಳೇ ಕ್ಯಾನ್ ಇಟ್ಟುಕೊಳ್ಳಬೇಡಿ, ಬೇಕಾದಾಗ ಕೊಳ್ಳಿ.

ಅಂಗಡಿಗೆ ಬಂದ ಒಬ್ಬ ಹುಡುಗ ಕೇಳಿದ: "ಸಾವ್ಕಾರ್ರ, ನಿಮ್ ಹತ್ರ ಯೂರಿಯಾ ಐತಲ್ರೀ, ನೀರಾಗ ಕಲಸಿ ಹಾಕಿದ್ರ ಆಗೂದಿಲ್ಲೇನ್ರೀ?" ಬೇಡ ತಮ್ಮಾ, ಅಂದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಲದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪನ ಇದೆ. ಆ ಎಣ್ಣೆ, ಬೋರ್ ನೀರಿನ ಸುಣ್ಣ ಎರಡೂ ಸೇರಿ ಹೊಗೆ ಶುದ್ಧ ಮಾಡುವ ಭಾಗವನ್ನು ಹಾಳು ಮಾಡುತ್ತವೆ. ಅದಲ್ಲದೆ ಸಬ್ಸಿಡಿ ಯೂರಿಯಾ ಇರುವುದು ಬೆಳೆಗೆ, ಗಾಡಿಗಲ್ಲ. ಹಾಗೆ ಬಳಸುವುದು ಕಾನೂನಿಗೂ ವಿರುದ್ಧ.

ಡಿಸೆಂಬರ್‌ನಲ್ಲಿ ಗಾಡಿ ಹೊರಗೆ ತೆಗೆಯುವ ದಿನ ಮೊದಲು ತಳದ ನೀರು ಬಿಡುತ್ತೇನೆ, ಆಮೇಲೆ ಹೊಸ ಫಿಲ್ಟರ್. ಕೈ ಪಂಪ್ ಒತ್ತಿ ಏರ್ ಪೂರ್ತಿ ತೆಗೆದ ಮೇಲೆಯೇ ಸೆಲ್ಫ್. ನೇರವಾಗಿ ದೂರದ ದಾರಿ ಹಿಡಿಯುವುದಿಲ್ಲ, ಮೊದಲು ಕಾರಟಗಿ ರಸ್ತೆಯಲ್ಲಿ ಒಂದು ಸುತ್ತು. ತಿಂಗಳುಗಟ್ಟಲೆ ನಿಂತು ತಳ ಹಿಡಿದಿದ್ದ ಕಸ ಕದಡುವುದು ಗಾಡಿ ಕುಲುಕಲು ಶುರುವಾದ ಮೇಲೆಯೇ. ವಾಪಸ್ ಬಂದು ಫಿಲ್ಟರ್ ತಳದಿಂದ ಮತ್ತೆ ಬಾಟಲಿಗೆ ಹಿಡಿದು ನೋಡುತ್ತೇನೆ. ನಿಚ್ಚಳ ಇದ್ದರೆ ಹೊರಡಬಹುದು.

ಅರ್ಧ ಕಟ್ಟಿದ ಫಿಲ್ಟರ್ ಸಿಂಧನೂರಿನ ಸಪಾಟು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಎಂಜಿನ್ ಕೇಳುವ ಡೀಸೆಲ್ ಕಡಿಮೆ. ಆಂಧ್ರದ ದೋರ್ನಾಲ ದಾಟಿ ಶ್ರೀಶೈಲದ ಘಾಟ್ ಹತ್ತುವಾಗ ಎಂಜಿನ್ ಪೂರ್ತಿ ಡೀಸೆಲ್ ಕೇಳುತ್ತದೆ, ಆಗ ಗಾಡಿ ಎಳೆಯುವುದಿಲ್ಲ. ಸುತ್ತ ಕಾಡು, ನೆಟ್‌ವರ್ಕ್ ಸಿಗುವುದೂ ಕಷ್ಟ. ಅದಕ್ಕೇ ಸೀಟಿನ ಕೆಳಗೆ ಒಂದು ಹೆಚ್ಚಿನ ಫಿಲ್ಟರ್, ಅದರ ಪಾನಾ, ಒಂದು ಖಾಲಿ ಬಾಟಲಿ ಇಟ್ಟಿರುತ್ತೇನೆ. ಫಿಲ್ಟರ್ ಜೊತೆ ಅದರ ರಬ್ಬರ್ ವಾಷರ್‌ಗಳನ್ನೂ ಮರೆಯದೆ ಇಟ್ಟುಕೊಳ್ಳಿ. ದಾರಿಯ ಅಂಗಡಿಗಳಲ್ಲಿ ಫಿಲ್ಟರ್ ಸಿಕ್ಕರೂ ಸರಿಯಾದ ಅಳತೆಯ ವಾಷರ್ ಸಿಗುವುದು ಕಷ್ಟ, ಹಳೇ ವಾಷರ್ ಹಾಕಿದರೆ ಮತ್ತೆ ಏರ್ ಹಿಡಿಯುತ್ತದೆ.